ಹದಿಹರೆಯದ ಕಾದಂಬರಿ ಓದಿ ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳುವುದು ಹೇಗೆ: ಕನ್ನಡ ಮಾಧ್ಯಮದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸ್ ತಗೊಂಡು, ಒಂದೇ ಸಲ ಇಂಗ್ಲಿಷಿಗೆ ಬಿದ್ದವರಿಗೆ ಇದು ಗೊತ್ತಿರುತ್ತದೆ. ಫೋಟೋಸಿಂಥೆಸಿಸ್, ಮೊಮೆಂಟಮ್ ತರಹದ ದೊಡ್ಡ ಪದಗಳು ಎರಡು ತಿಂಗಳಲ್ಲಿ ಬಾಯಿಗೆ ಬರುತ್ತವೆ. ಆದರೆ ಗೆಳತಿ ಮುನಿಸಿಕೊಂಡಿದ್ದಾಳೆ, ಅಪ್ಪ ಸಿಡುಕಿದರು, ಚಪ್ಪಲಿ ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದಿದೆ, ಇದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ನಾಲಿಗೆ ಕಟ್ಟಿಹೋಗುತ್ತದೆ. ನನಗೂ ಹಾಗೇ ಆಗಿತ್ತು. ದಿನಕ್ಕೆ 20 ಪದ ಅಂತ ಪಟ್ಟಿ ಮಾಡಿ ಉರು ಹೊಡೆದೆ. ಒಂದು ವಾರದಲ್ಲಿ ಮುಕ್ಕಾಲು ಪಾಲು ಮರೆತುಹೋಯಿತು. ಉಳಿದ ಪದಗಳನ್ನು ಎಲ್ಲಿ ಬಳಸಬೇಕು ಅಂತ ಗೊತ್ತಾಗಲಿಲ್ಲ.

ಆಮೇಲೆ ನನ್ನ ಕೈಹಿಡಿದದ್ದು ಹದಿಹರೆಯದ ಹುಡುಗ ಹುಡುಗಿಯರಿಗಾಗಿ ಬರೆದ ಕಾದಂಬರಿಗಳು. ಅಂಗಡಿಯಲ್ಲಿ ಯಂಗ್ ಅಡಲ್ಟ್ ಅಂತ ಬೋರ್ಡ್ ಹಾಕಿರುವ ಕಪಾಟು ಇರುತ್ತದಲ್ಲ, ಅಲ್ಲಿರುವ ಪುಸ್ತಕಗಳು. ಎರಡು ವರ್ಷದಿಂದ ನನ್ನ ಚಿಕ್ಕಮ್ಮನ ಮಗಳಿಗೂ ಇದೇ ದಾರಿಯಲ್ಲಿ ಓದಿಸುತ್ತಿದ್ದೇನೆ. ನಾವಿಬ್ಬರೂ ಮಾಡಿ ನೋಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಈ ಪುಸ್ತಕಗಳೇ ಯಾಕೆ?

ಮೊದಲನೆಯದು, ಇವುಗಳಲ್ಲಿ ಕಥೆ ಹೇಳುವವರೇ ಹುಡುಗರು. 'ನಾನು' ಅಂತ ಶುರುವಾಗುವ ಪುಸ್ತಕಗಳೇ ಜಾಸ್ತಿ. ಮನೆ, ಶಾಲೆ, ಜಗಳ, ಭಯ, ನಾಚಿಕೆ, ಅಮ್ಮನ ಬೈಗುಳ ಎಲ್ಲವೂ ಬರುತ್ತವೆ. ಅಂದರೆ ನಮಗೆ ಪಾಠದ ಪುಸ್ತಕದಲ್ಲಿ ಸಿಗದ ಪದಗಳೆಲ್ಲ ಇಲ್ಲಿ ಗುಂಪುಗುಂಪಾಗಿ ಸಿಗುತ್ತವೆ.

ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' 1967ರಲ್ಲಿ ಬಂದಾಗ ಬರೆದವರಿಗೆ 18 ವರ್ಷ. ನಮ್ಮ ಕಡೆ ನೋಡಿದರೆ, ರಸ್ಕಿನ್ ಬಾಂಡ್ 'ದಿ ರೂಮ್ ಆನ್ ದಿ ರೂಫ್' ಬರೆದಾಗ ಅವರೂ ಹದಿಹರೆಯದವರೇ, ಪುಸ್ತಕ ಅಚ್ಚಾದದ್ದು 1956ರಲ್ಲಿ. ಆ ವಯಸ್ಸಿನವರು ಹೇಗೆ ಯೋಚಿಸುತ್ತಾರೋ ಹಾಗೇ ವಾಕ್ಯ ಬರುತ್ತದೆ. ವಾಕ್ಯ ಉದ್ದ ಇರುವುದಿಲ್ಲ, ಮಾತುಕತೆ ತುಂಬಾ ಇರುತ್ತದೆ. ಹಾಗಂತ ಭಾಷೆ ತೆಳು ಅಂದುಕೊಳ್ಳಬೇಡಿ. ಒಬ್ಬ ಹುಡುಗ ಅಣ್ಣನ ಮೇಲೆ ಕೋಪ ಮಾಡಿಕೊಂಡು, ಆಮೇಲೆ ಒಳಗೊಳಗೇ ಮರುಗುವುದನ್ನು ಹೇಳುವುದಕ್ಕೆ ಎಷ್ಟು ಸೂಕ್ಷ್ಮ ಪದಗಳು ಬೇಕು ಯೋಚಿಸಿ.

ಹಂತ 1: ನಿಮ್ಮ ಮಟ್ಟದ ಪುಸ್ತಕ ಆರಿಸಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಇಂಗ್ಲಿಷ್ ಕಲಿಯಬೇಕು ಅಂತ ಯಾರೋ ಹೇಳಿದ ನೂರೈವತ್ತು ವರ್ಷ ಹಳೆಯ ದಪ್ಪ ಕಾದಂಬರಿ ತರುತ್ತಾರೆ. ನಾನೂ ತಂದಿದ್ದೆ. ಹನ್ನೊಂದನೇ ಪುಟದಲ್ಲಿ ಮುಚ್ಚಿಟ್ಟವಳು ಆರು ತಿಂಗಳು ಇಂಗ್ಲಿಷ್ ಪುಸ್ತಕವನ್ನೇ ಮುಟ್ಟಲಿಲ್ಲ. ತಪ್ಪು ಪುಸ್ತಕದಿಂದ ಆಗುವ ದೊಡ್ಡ ನಷ್ಟ ಇದೇ, ಓದಿನ ಮೇಲಿನ ಆಸೆಯೇ ಹೊರಟುಹೋಗುತ್ತದೆ.

ಪದ ಕಲಿಕೆಯ ಬಗ್ಗೆ ಜೀವನಪೂರ್ತಿ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಜೊತೆಗಾರರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಥೆಯನ್ನು ಯಾರ ಸಹಾಯವೂ ಇಲ್ಲದೆ ಅರ್ಥ ಮಾಡಿಕೊಳ್ಳಬೇಕಾದರೆ ಹೆಚ್ಚಿನವರಿಗೆ ನೂರರಲ್ಲಿ 98 ಪದ ಗೊತ್ತಿರಬೇಕು ಅನ್ನುವುದು ಅದರ ತಿರುಳು. ಬರೀ 80 ಪದ ಗೊತ್ತಿದ್ದಾಗ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ.

98 ಅಂದರೆ 50 ಪದಕ್ಕೆ ಒಂದು ಹೊಸ ಪದ. ಸಾಮಾನ್ಯ ಕಾದಂಬರಿಯ ಒಂದು ಪುಟದಲ್ಲಿ 250 ಪದ ಇರುತ್ತವೆ ಅಂತ ಹಿಡಿದರೆ ಪುಟಕ್ಕೆ ಐದು. ನಮ್ಮ ಕೈಯಲ್ಲಿರುವುದೂ ಐದೇ ಬೆರಳು, ಲೆಕ್ಕ ಸುಲಭವಾಯಿತು. ಅಂಗಡಿಯಲ್ಲೋ ಲೈಬ್ರರಿಯಲ್ಲೋ ಪುಸ್ತಕದ ಮಧ್ಯದ ಒಂದು ಪುಟ ತೆಗೆಯಿರಿ. ಮೊದಲ ಪುಟ ಬೇಡ, ಅದನ್ನು ಲೇಖಕರು ತುಂಬಾ ತಿದ್ದಿ ತೀಡಿರುತ್ತಾರೆ. ಓದುತ್ತಾ ಹೋಗಿ, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಿ. ಪುಟ ಮುಗಿದಾಗ ಎರಡು ಮೂರು ಬೆರಳು ಮಡಚಿದ್ದರೆ ಪುಸ್ತಕ ಮನೆಗೆ ತನ್ನಿ. ಐದೂ ಮಡಚಿದರೆ ಕಷ್ಟಪಟ್ಟು ಓದಬಹುದು. ಪುಟದ ಅರ್ಧಕ್ಕೇ ಐದು ಮುಗಿದರೆ ವಾಪಸ್ ಇಡಿ, ಆರು ತಿಂಗಳು ಬಿಟ್ಟು ಬನ್ನಿ.

ಯಾವ ಪುಸ್ತಕ ತೆಗೆದರೂ ಕೈ ಪೂರ್ತಿ ಮಡಚುತ್ತಿದೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಂಥವರಿಗಾಗಿಯೇ ಗ್ರೇಡೆಡ್ ರೀಡರ್ ಅನ್ನುವ ಪುಸ್ತಕಗಳಿವೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯಲ್ಲಿ ಒಂದನೇ ಹಂತಕ್ಕೆ 400 ಮೂಲ ಪದ ಸಾಕು, ಎರಡನೆಯದಕ್ಕೆ 700, ಆರನೆಯದಕ್ಕೆ 2500. ಈ ತರಹ ಪದ ಲೆಕ್ಕ ಹಾಕಿ ಪುಸ್ತಕ ಬರೆಯುವ ಪದ್ಧತಿ ಗಟ್ಟಿಯಾಗಿ ಬೆಳೆದದ್ದು ನಮ್ಮದೇ ಉಪಖಂಡದಲ್ಲಿ. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕಲ್ ವೆಸ್ಟ್ ಬಂಗಾಳಿ ಹುಡುಗರು ಇಂಗ್ಲಿಷ್ ಪುಸ್ತಕದ ಮುಂದೆ ಒದ್ದಾಡುವುದನ್ನು ನೋಡಿ, ಅವರಿಗೆಂದೇ ಇಂಥ ಪುಸ್ತಕಗಳನ್ನು ತಯಾರು ಮಾಡಿದರು. ಹಾಗಾಗಿ ಇವನ್ನು ಓದುವುದಕ್ಕೆ ಸಂಕೋಚ ಬೇಡವೇ ಬೇಡ.

ಹಂತ 2: ಮೊದಲ ಮೂರು ಪುಸ್ತಕ

ನನ್ನ ಸಲಹೆ ಹೇಳುತ್ತೇನೆ. ಕಡ್ಡಾಯವೇನೂ ಇಲ್ಲ.

ಮೊದಲಿಗೆ ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಆಂಡ್ ಫ್ರೆಂಡ್ಸ್'. 1935ರ ಪುಸ್ತಕ, ಸ್ವಾಮಿಗೆ ಹತ್ತೇ ವರ್ಷ, ಆದ್ದರಿಂದ ಇದನ್ನು ಹದಿಹರೆಯದ ಕಾದಂಬರಿ ಅನ್ನುವುದು ಪೂರ್ತಿ ಸರಿಯಲ್ಲ. ಆದರೂ ಇದೇ ಮೊದಲು ಬೇಕು ಅನ್ನುತ್ತೇನೆ. ಯಾಕೆಂದರೆ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಈ ಸ್ವಾಮಿಯನ್ನು ನಮ್ಮಲ್ಲಿ ಎಷ್ಟೋ ಜನ ನೋಡಿಬಿಟ್ಟಿದ್ದಾರೆ. ಮಣಿ ಗೊತ್ತು, ರಾಜಂ ಗೊತ್ತು, ಅಜ್ಜಿ ಗೊತ್ತು, ಆ ಮನೆಯ ಜಗಲಿ ಗೊತ್ತು. ಕಥೆ ಗೊತ್ತಿದ್ದರೆ ಪದದ ಅರ್ಧ ಅರ್ಥ ತಾನಾಗೇ ಬರುತ್ತದೆ. ನೋಡಿಲ್ಲದವರು ಮೊದಲು ಎರಡು ಕಂತು ನೋಡಿ, ಆಮೇಲೆ ಪುಸ್ತಕ ಹಿಡಿಯಿರಿ.

ಎರಡನೆಯದು ಲೂಯಿಸ್ ಸ್ಯಾಕರ್ ಅವರ 'ಹೋಲ್ಸ್'. 1998ರದ್ದು, ಮರುವರ್ಷ ಅಮೆರಿಕದ ನ್ಯೂಬೆರಿ ಪದಕ ಬಂತು. ಮಾಡದ ಕಳ್ಳತನಕ್ಕೆ ಶಿಕ್ಷೆಯಾಗಿ ಒಬ್ಬ ಹುಡುಗ ಟೆಕ್ಸಾಸಿನ ಒಣಗಿದ ಕೆರೆಯಂಗಳದ ಕ್ಯಾಂಪಿಗೆ ಹೋಗುತ್ತಾನೆ. ಅಲ್ಲಿ ದಿನಾ ಐದಡಿ ಆಳ, ಐದಡಿ ಅಗಲದ ಗುಂಡಿ ತೋಡಬೇಕು. ಒಟ್ಟು 50 ಅಧ್ಯಾಯ, ಕೆಲವು ಒಂದೆರಡು ಪುಟದವು. ಬಸ್ಸಿನಲ್ಲಿ ಓದುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಪುಸ್ತಕದ ಪೂರ್ತಿ ಸುಮಾರು 47 ಸಾವಿರ ಪದಗಳಿದ್ದರೂ ಶವಲ್ ಅಂದರೆ ಸಲಿಕೆ, ಬ್ಲಿಸ್ಟರ್ ಅಂದರೆ ಬೊಬ್ಬೆ, ಇಂಥವು ಮತ್ತೆ ಮತ್ತೆ ಬರುತ್ತವೆ. ಹುಡುಗ ದಿನಾ ಗುಂಡಿ ತೋಡುವುದರಿಂದ ಆ ಪದಗಳೂ ದಿನಾ ಬರಲೇಬೇಕು, ಅಲ್ವಾ? ಒಂದು ಪದ ನೆನಪಿನಲ್ಲಿ ಕೂರಬೇಕಾದರೆ ಬೇರೆ ಬೇರೆ ಕಡೆ ಎಂಟು ಹತ್ತು ಸಲವಾದರೂ ಎದುರಾಗಬೇಕು. ಒಳ್ಳೆಯ ಕಥೆ ಆ ಕೆಲಸವನ್ನು ನಮಗೆ ಗೊತ್ತಾಗದ ಹಾಗೆ ಮಾಡಿ ಮುಗಿಸುತ್ತದೆ.

ಮೂರನೆಯದನ್ನು ನೀವೇ ಆರಿಸಿ. ಆದರೆ ಮೊದಲೆರಡರಲ್ಲಿ ಇಷ್ಟವಾದ ಲೇಖಕರದ್ದೇ ಇನ್ನೊಂದು ಪುಸ್ತಕವೋ, ಒಂದು ಸರಣಿಯ ಮುಂದಿನ ಭಾಗವೋ ಆಗಿದ್ದರೆ ಒಳ್ಳೆಯದು. ಪ್ರತಿ ಲೇಖಕರಿಗೂ ಅವರದ್ದೇ ಆದ ಪದಗಳ ಗಂಟು ಇರುತ್ತದೆ. ಮೊದಲ ಪುಸ್ತಕದಲ್ಲಿ ಕಲಿತದ್ದು ಎರಡನೆಯದರಲ್ಲಿ ಮತ್ತೆ ಎದುರಾಗುತ್ತದೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ನಗರ ಕೇಂದ್ರ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೇಳಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿಗೆ ಬಂದಾಗ ಅವೆನ್ಯೂ ರಸ್ತೆ ಮತ್ತು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಗಂಟೆ ಕಳೆಯಿರಿ. ಹಳೇ ಪುಸ್ತಕದ ಇನ್ನೊಂದು ಉಪಯೋಗ, ಪೆನ್ಸಿಲ್ ಗುರುತು ಹಾಕುವುದಕ್ಕೆ ಕೈ ಹಿಂಜರಿಯುವುದಿಲ್ಲ.

ಹಂತ 3: ಓದುವಾಗ ಡಿಕ್ಷನರಿ ದೂರ ಇಡಿ

ಒಂದು ಅಧ್ಯಾಯ ಮುಗಿಯುವ ತನಕ ಡಿಕ್ಷನರಿ ಮುಟ್ಟಬೇಡಿ. ಫೋನನ್ನೂ ಪಕ್ಕದ ಕೋಣೆಯಲ್ಲಿಡಿ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗಿ. ಬರೀ ಚುಕ್ಕಿ. ಗೆರೆ ಬೇಡ, ಅರ್ಥ ಬರೆಯುವುದೂ ಬೇಡ. ಪದದ ಮೇಲೆ ಕನ್ನಡ ಅರ್ಥ ಬರೆದಿಟ್ಟರೆ ಮುಂದಿನ ಸಲ ಕಣ್ಣು ಕನ್ನಡದ ಮೇಲೇ ಕೂರುತ್ತದೆ, ಇಂಗ್ಲಿಷ್ ಪದ ಕಾಣುವುದೇ ಇಲ್ಲ.

ಫೋನಿನಲ್ಲೋ ಕಿಂಡಲ್‌ನಲ್ಲೋ ಓದುವವರಿಗೆ ಇದು ಇನ್ನೂ ಕಷ್ಟ. ಪದದ ಮೇಲೆ ಬೆರಳಿಟ್ಟರೆ ಸಾಕು, ಅರ್ಥ ಬಂದುಬಿಡುತ್ತದೆ. ಎಷ್ಟು ಸುಲಭವಾಗಿ ಬರುತ್ತದೋ ಅಷ್ಟೇ ಸುಲಭವಾಗಿ ಹೋಗುತ್ತದೆ. ಅಧ್ಯಾಯ ಮುಗಿಯುವವರೆಗೆ ಹೈಲೈಟ್ ಮಾತ್ರ ಮಾಡಿ.

ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನಾ ಓದಬೇಕು. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂತರೆ, ಮುಂದಿನ ಭಾನುವಾರದ ಹೊತ್ತಿಗೆ ಕಥೆಯ ಹುಡುಗನ ಹೆಸರೇ ಮರೆತಿರುತ್ತದೆ.

ಹಂತ 4: ಊಹೆ ಮಾಡುವುದನ್ನು ಕಲಿಯಿರಿ

ಅಧ್ಯಾಯ ಮುಗಿದ ಮೇಲೆ ಚುಕ್ಕಿಗಳ ಹತ್ತಿರ ವಾಪಸ್ ಬನ್ನಿ. ಆಗಲೂ ನೇರವಾಗಿ ಡಿಕ್ಷನರಿಗೆ ಹೋಗಬೇಡಿ. ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಇದು ಇಲ್ಲಿಗೆಂದೇ ನಾನು ಕಟ್ಟಿದ ಸಾಲು, ಯಾವ ಪುಸ್ತಕದ್ದೂ ಅಲ್ಲ. ಒಬ್ಬ ಹುಡುಗ ರಾತ್ರಿ ತಡವಾಗಿ ಮನೆಗೆ ಬಂದಿದ್ದಾನೆ.

'ಮಾಮ್ ಗ್ಲೇರ್ಡ್ ಆಟ್ ಮಿ. ಐ ಶ್ರಗ್ಡ್ ಆಂಡ್ ಮಂಬಲ್ಡ್ ಸಮ್‌ಥಿಂಗ್ ಅಬೌಟ್ ದ ಬಸ್. ಶಿ ಡಿಡಂಟ್ ಬೈ ಇಟ್.'

ಗ್ಲೇರ್, ಶ್ರಗ್, ಮಂಬಲ್ ಮೂರೂ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಮೊದಲು ಕೇಳಬೇಕಾದ್ದು, ಈ ಪದ ಏನು ಕೆಲಸ ಮಾಡುತ್ತಿದೆ? ಮೂರರ ಕೊನೆಯಲ್ಲೂ ಭೂತಕಾಲದ ಗುರುತಿದೆ, ಅಂದರೆ ಮೂರೂ ಕ್ರಿಯೆಗಳು. ಎರಡನೆಯದು, ಯಾರು ಯಾರಿಗೆ ಮಾಡಿದರು? ಅಮ್ಮ ನನ್ನ 'ಕಡೆಗೆ' ಏನೋ ಮಾಡಿದಳು. 'ಆಟ್' ಇರುವುದರಿಂದ ಅದು ನೋಟ ಇರಬಹುದು. ಮೂರನೆಯದು, ಆ ಜಾಗದಲ್ಲಿ ನೀವಿದ್ದರೆ ಏನಾಗುತ್ತಿತ್ತು? ಮಗ ತಡವಾಗಿ ಬಂದಿದ್ದಾನೆ, ಅಮ್ಮ ನೋಡುತ್ತಿದ್ದಾಳೆ. ಆ ನೋಟ ಹೇಗಿರುತ್ತದೆ?

ನನ್ನ ತಂಗಿಗೆ ಈ ಸಾಲು ಕೊಟ್ಟಾಗ ಅವಳು ಒಂದು ನಿಮಿಷ ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು, "ಅಕ್ಕಾ, ನಾನು ಸ್ನಾನ ಮಾಡದೆ ತಿಂಡಿಗೆ ಕೂತರೆ ಅಜ್ಜಿ ದುರುಗುಟ್ಟಿ ನೋಡ್ತಾರಲ್ಲ, ಅದೇ ಅಲ್ವಾ ಇದು?"

ಅದೇ. ದುರುಗುಟ್ಟಿ ನೋಡುವುದೇ ಗ್ಲೇರ್. ಆವತ್ತಿನಿಂದ ಇವತ್ತಿನವರೆಗೆ ಅವಳು ಆ ಪದ ಮರೆತಿಲ್ಲ. ಮರೆಯುವುದೂ ಇಲ್ಲ, ಯಾಕೆಂದರೆ ಅದಕ್ಕೆ ಈಗ ಅಜ್ಜಿಯ ಮುಖ ಇದೆ.

ಊಹೆ ಮಾಡಿದ್ದನ್ನು ಆ ಪದದ ಜಾಗದಲ್ಲಿಟ್ಟು ವಾಕ್ಯ ಮತ್ತೆ ಓದಿ. ಕೂತರೆ ಸರಿ, ಕೂರದಿದ್ದರೆ ಇನ್ನೊಂದು ಪ್ರಯತ್ನ. ಆಮೇಲೆ ಡಿಕ್ಷನರಿ ನೋಡಿ, ಊಹೆ ಸರಿಯೋ ತಪ್ಪೋ ತಿಳಿಯುತ್ತದೆ. ತಪ್ಪಾದರೂ ಲಾಭವೇ, ತಪ್ಪಿದ ಪದ ಇನ್ನೂ ಚೆನ್ನಾಗಿ ನೆನಪಿರುತ್ತದೆ. 'ಹೋಲ್ಸ್' ಓದುವಾಗ ಹುಡುಗರೆಲ್ಲ ಕ್ಯಾಂಟೀನ್ ಹಿಡಿದುಕೊಂಡು ಸಾಲಾಗಿ ನಿಲ್ಲುತ್ತಾರೆ ಅಂತ ಬಂದಾಗ ನನಗೆ ತಲೆಬುಡ ಅರ್ಥವಾಗಿರಲಿಲ್ಲ. ನಮಗೆ ಕ್ಯಾಂಟೀನ್ ಅಂದರೆ ಇಡ್ಲಿ ಕಾಫಿ ಸಿಗುವ ಜಾಗ. ಅಲ್ಲಿ ಅದು ನೀರಿನ ಬಾಟಲಿ. ನೀರಿನ ಲಾರಿ ಬಂತು, ತುಂಬಿಸಿದರು ಅನ್ನುವುದನ್ನು ಗಮನಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಗೊತ್ತಿರುವ ಪದವೂ ಹೀಗೆ ವೇಷ ಬದಲಿಸುತ್ತದೆ, ಎಚ್ಚರವಾಗಿರಿ.

ಹಂತ 5: ಎಲ್ಲ ಪದವೂ ಬೇಡ, ದಿನಕ್ಕೆ ಐದು ಸಾಕು

ಒಂದು ಅಧ್ಯಾಯದಲ್ಲಿ 25 ಚುಕ್ಕಿ ಇರಬಹುದು. ಅಷ್ಟನ್ನೂ ಹಿಡಿಯಲು ಹೋದರೆ ಎರಡನೇ ವಾರಕ್ಕೆ ಸುಸ್ತಾಗುತ್ತದೆ. ಎರಡು ಮೂರು ಸಲ ಬಂದ ಪದ ಬೇಕೇ ಬೇಕು. ಕಥೆಯ ಎಳೆಯೇ ತಪ್ಪಿಸಿದ ಪದವೂ ಬೇಕು. ಮನಸ್ಸಿಗೆ ಸಂಬಂಧಪಟ್ಟ ಪದಗಳನ್ನಂತೂ ಬಿಡಬೇಡಿ, ಅವು ಎಲ್ಲ ಪುಸ್ತಕದಲ್ಲೂ ಬರುತ್ತವೆ. ಒಂದೇ ಸಲ ಬಂದು ಹೋದ ಮರದ ಹೆಸರು, ಕುದುರೆ ಜೀನಿನ ಭಾಗದ ಹೆಸರು, ಹಡಗಿನ ಹಗ್ಗದ ಹೆಸರು ಇವನ್ನು ಧೈರ್ಯವಾಗಿ ಬಿಟ್ಟುಬಿಡಿ.

ಇಂಗ್ಲಿಷ್ ಕಾದಂಬರಿಗಳನ್ನು ಆರಾಮಾಗಿ ಓದುವುದಕ್ಕೆ ಎಂಟರಿಂದ ಒಂಬತ್ತು ಸಾವಿರ ಪದ ಕುಟುಂಬಗಳು ಗೊತ್ತಿರಬೇಕು ಅಂತ ನೇಷನ್ ಅವರು 2006ರಲ್ಲಿ ಲೆಕ್ಕ ಹಾಕಿದ್ದರು. ಪದ ಕುಟುಂಬ ಅಂದರೆ ಹ್ಯಾಪಿ, ಹ್ಯಾಪಿಲಿ, ಅನ್‌ಹ್ಯಾಪಿ, ಹ್ಯಾಪಿನೆಸ್ ಎಲ್ಲ ಸೇರಿ ಒಂದು. ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಿದವರು ಸೊನ್ನೆಯಿಂದ ಶುರು ಮಾಡುವುದಿಲ್ಲ. ದಿನಕ್ಕೆ ಐದು ಅಂದರೆ ವರ್ಷಕ್ಕೆ 1800ಕ್ಕಿಂತ ಜಾಸ್ತಿ. ಅದರಲ್ಲಿ ಅರ್ಧ ಉಳಿದರೂ ದೊಡ್ಡ ಗಳಿಕೆ.

ಹಂತ 6: ಮನೆಮಾತಿನ ಪದ ಹುಡುಕಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಇಂಗ್ಲಿಷ್ ಕನ್ನಡ ನಿಘಂಟಿನಲ್ಲಿ ರಿಲಕ್ಟೆಂಟ್ ಅಂತ ನೋಡಿದರೆ ಅನಿಚ್ಛೆಯ ಅನ್ನುವ ತರಹದ ಅರ್ಥ ಇರುತ್ತದೆ. ತಪ್ಪೇನಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರಾದರೂ 'ಅನಿಚ್ಛೆ' ಅಂತ ಮಾತಾಡುತ್ತಾರಾ? 'ಒಲ್ಲದ ಮನಸ್ಸಿನಿಂದ ಹೋದ' ಅನ್ನುತ್ತೇವೆ. ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ, ಬಾಯಲ್ಲಿ ಆಡದ ಕನ್ನಡ ಪದವನ್ನು ಕಟ್ಟಿದರೆ ಎರಡೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅಜ್ಜಿ, ಅಮ್ಮ, ಬೀದಿಯ ಹುಡುಗರು ಆಡುವ ಪದವನ್ನೇ ಕಟ್ಟಿ.

ಹದಿಹರೆಯದ ಕಾದಂಬರಿಗಳಲ್ಲಿ ಮೈ ಮತ್ತು ಮುಖದ ಪದಗಳು ತುಂಬಾ ಬರುತ್ತವೆ. ನಮ್ಮ ಕನ್ನಡದಲ್ಲೂ ಇಂಥ ಪದಗಳಿಗೆ ಬರವಿಲ್ಲ. ಸಲ್ಕ್ ಅಂದರೆ ಮುಖ ಊದಿಸಿಕೊಂಡು ಕೂರುವುದು. ಫಿಜೆಟ್ ಅಂದರೆ ಕೂತಲ್ಲಿ ಕೂರಲಾರದೆ ಚಡಪಡಿಸುವುದು. ಮಂಬಲ್ ಅಂದರೆ ಬಾಯೊಳಗೇ ಏನೋ ಅನ್ನುವುದು. ಸ್ನ್ಯಾಪ್ ಅಂದರೆ ಸಿಡುಕುವುದು. ಆಕ್ವರ್ಡ್ ಅಂದರೆ ಇರುಸುಮುರುಸು. ಶ್ರಗ್ ಅಂದರೆ ನನಗೇನು ಗೊತ್ತು ಅನ್ನೋ ಹಾಗೆ ಭುಜ ಎಗರಿಸುವುದು. ಸ್ಟಾರ್ಮ್ಡ್ ಔಟ್ ಅಂದರೆ ದುಮುದುಮು ಅಂತ ಎದ್ದು ಹೋದದ್ದು.

ನಗುವಿನಲ್ಲೇ ಎಷ್ಟು ಬಗೆ ನೋಡಿ. ಗಿಗಲ್ ಅಂದರೆ ಹುಡುಗಿಯರು ಬೆಂಚಿನ ಹಿಂದೆ ಕಿಸಿಕಿಸಿ ನಗುವುದು. ಚಕಲ್ ಅಂದರೆ ತನ್ನಷ್ಟಕ್ಕೆ ಮೆಲ್ಲಗೆ ನಗುವುದು. ಗ್ರಿನ್ ಅಂದರೆ ಹಲ್ಲು ಬಿಟ್ಟು ನಗುವುದು. ಸ್ಮರ್ಕ್ ಅಂದರೆ ನನಗೆಲ್ಲ ಗೊತ್ತು ಅನ್ನುವ ಕೊಂಕು ನಗು. ಇವನ್ನೆಲ್ಲ ಬರೀ 'ನಗು' ಅಂತ ಬರೆದಿಟ್ಟುಕೊಂಡರೆ ನಾಲ್ಕು ಪದ ಕಲಿತೂ ಒಂದೇ ಕಲಿತ ಹಾಗೆ. ನೋಟವೂ ಹೀಗೇ. ಗ್ಲಾನ್ಸ್ ಕಣ್ಣು ಹಾಯಿಸುವುದು, ಸ್ಟೇರ್ ದಿಟ್ಟಿಸುವುದು, ಪೀರ್ ಸರಿಯಾಗಿ ಕಾಣದ್ದನ್ನು ಕಣ್ಣು ಕಿರಿದು ಮಾಡಿ ನೋಡುವುದು.

ಕೆಲವು ಪದಗಳಿಗೆ ಮನೆಮಾತಿನಲ್ಲಿ ಜೋಡಿ ಸಿಗುವುದಿಲ್ಲ. ಆಗ ಮನೆಯ ಒಂದು ಸಂದರ್ಭ ಬರೆಯಿರಿ. ರಿಲೀಫ್ ಅನ್ನುವುದಕ್ಕೆ ನನ್ನ ತಂಗಿ ಬರೆದಿರುವುದು, 'ರಿಸಲ್ಟ್ ನೋಡಿ ಪಾಸ್ ಅಂತ ಗೊತ್ತಾದಾಗ ಆಗಿದ್ದು'. ನಿಮ್ಮ ಊರಿನ ಪದವೇ ಇರಲಿ. ಧಾರವಾಡದವರು, ಕುಂದಾಪುರದವರು, ಮಂಡ್ಯದವರು ಒಂದೇ ಇಂಗ್ಲಿಷ್ ಪದಕ್ಕೆ ಬೇರೆ ಬೇರೆ ಪದ ಬರೆದರೆ ಅದು ತಪ್ಪಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತಿ ಪದಕ್ಕೂ ಮೂರು ಸಾಲು ಸಾಕು. ಮೊದಲ ಸಾಲಿನಲ್ಲಿ ಪದ ಮತ್ತು ಪುಟದ ನಂಬರ್. ಎರಡನೆಯದರಲ್ಲಿ ಪುಸ್ತಕದಲ್ಲಿದ್ದ ಪೂರ್ತಿ ವಾಕ್ಯ. ಮೂರನೆಯದರಲ್ಲಿ ನಿಮ್ಮ ಮನೆಮಾತು.

ಹಂತ 7: ಯಾವ ಡಿಕ್ಷನರಿ?

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ಇಂಗ್ಲಿಷ್ ಡಿಕ್ಷನರಿ ಬಳಸಿ. ಲಾಂಗ್‌ಮನ್ ಸಂಸ್ಥೆ 1978ರಲ್ಲಿ ತಂದ ಡಿಕ್ಷನರಿಯಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳಲ್ಲೇ ಬರೆದರು. ಈಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅವರದ್ದೂ ಕಲಿಯುವವರ ಡಿಕ್ಷನರಿಗಳು ಇವೆ, ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು. ಅರ್ಥ ಓದಿದ ಮೇಲೆ ಉದಾಹರಣೆ ವಾಕ್ಯವನ್ನೂ ಓದಿ. ಕನ್ನಡ ನಿಘಂಟನ್ನು ಕೊನೆಯಲ್ಲಿ, ಅನುಮಾನ ಉಳಿದರೆ ಮಾತ್ರ ತೆಗೆಯಿರಿ.

ಅಲ್ಲೇ ಸ್ಪೀಕರ್ ಗುರುತು ಒತ್ತಿ ಉಚ್ಚಾರ ಕೇಳಿ. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಆ ಅಭ್ಯಾಸದಲ್ಲಿ ಇಂಗ್ಲಿಷನ್ನೂ ಹಾಗೇ ಓದಿಬಿಡುತ್ತೇವೆ. ಸಾಲಕ್ಕೆ ಹೇಳುವ ಪದದಲ್ಲಿ 'ಬಿ' ಅಕ್ಷರ ಇದೆ, ಆದರೆ ಅದು ಡೆಟ್. ಸೂಕ್ಷ್ಮ ಅನ್ನುವ ಪದದಲ್ಲೂ 'ಬಿ' ಇದೆ, ಅದು ಸಟಲ್. ಬರೀ ಕಣ್ಣಲ್ಲಿ ಕಲಿತ ಪದವನ್ನು ಇಂಟರ್‌ವ್ಯೂನಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿ ಮುಜುಗರ ಪಟ್ಟವರನ್ನು ನೋಡಿದ್ದೇನೆ. ಅದು ಅವರ ತಪ್ಪಲ್ಲ, ಆ ಪದವನ್ನು ಅವರು ಎಂದೂ ಕೇಳಿರಲಿಲ್ಲ ಅಷ್ಟೇ. ವಾರಕ್ಕೊಂದು ಅಧ್ಯಾಯವನ್ನು ಆಡಿಯೋ ಪುಸ್ತಕದ ಜೊತೆ ಓದಿದರೆ ಇನ್ನೂ ಒಳ್ಳೆಯದು.

ಹಂತ 8: ಸಣ್ಣ ಪದಗಳ ಬಲೆ

ಮೇಲೆ ಕೊಟ್ಟ ಉದಾಹರಣೆಯ ಕೊನೆಯ ಸಾಲನ್ನು ಮತ್ತೆ ನೋಡಿ. 'ಶಿ ಡಿಡಂಟ್ ಬೈ ಇಟ್.' ಎಲ್ಲ ಪದವೂ ಗೊತ್ತು, ಚುಕ್ಕಿ ಬೀಳುವುದೇ ಇಲ್ಲ. ಆದರೆ ಅಮ್ಮ ಏನನ್ನು ಕೊಂಡುಕೊಳ್ಳಲಿಲ್ಲ? ಅವಳು ಆ ನೆಪವನ್ನು ನಂಬಲಿಲ್ಲ ಅಂತ ಅರ್ಥ. ಕನ್ನಡ ಕಲಿಯುವ ಯಾರಿಗಾದರೂ ಕೈ ಗೊತ್ತು, ಕೊಡು ಗೊತ್ತು, ಆದರೆ 'ಗೆಳೆಯ ಕೈಕೊಟ್ಟ' ಅಂದರೆ ಗೊತ್ತಾಗುತ್ತದಾ? ಇದೂ ಹಾಗೇ.

ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು. ರನ್ ಔಟ್ ಆಫ್ ಅಂದರೆ ಖಾಲಿಯಾಗುವುದು. ಫಿಗರ್ ಔಟ್ ಅಂದರೆ ತಲೆ ಓಡಿಸಿ ಕಂಡುಕೊಳ್ಳುವುದು. ಗೆಟ್ ಅವೇ ವಿತ್ ಅಂದರೆ ತಪ್ಪು ಮಾಡಿಯೂ ಸಿಕ್ಕಿಬೀಳದೆ ಪಾರಾಗುವುದು. ಮೇಕ್ ಅಪ್ ಅಂತೂ ಒಂದು ಕಡೆ ಕಥೆ ಕಟ್ಟುವುದು, ಇನ್ನೊಂದು ಕಡೆ ಜಗಳ ಬಿಟ್ಟು ರಾಜಿಯಾಗುವುದು. ಹದಿಹರೆಯದ ಕಾದಂಬರಿಗಳಲ್ಲಿ ಮಾತುಕತೆ ಜಾಸ್ತಿ ಇರುವುದರಿಂದ ಇವು ಸಿಕ್ಕಾಪಟ್ಟೆ ಬರುತ್ತವೆ. ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಇವಕ್ಕೇ ಮೀಸಲಿಡಿ. ವಾಕ್ಯದ ಪದಗಳೆಲ್ಲ ಗೊತ್ತಿದ್ದೂ ಅರ್ಥ ಕೂಡುತ್ತಿಲ್ಲ ಅಂದರೆ ಅಲ್ಲಿ ಎರಡು ಚುಕ್ಕಿ ಇಡಿ.

ಹಂತ 9: ಮರೆಯದ ಹಾಗೆ ಡಬ್ಬಿ ಮಾಡಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿಟ್ಟ ಮಾತು ಇವತ್ತಿಗೂ ನಿಂತಿದೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಸೋರಿಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಸೋರುವ ಮುಂಚೆ ಒಂದು ಸಲ ನೆನಪಿಸಿಕೊಂಡರೆ ಮುಂದಿನ ಸಲ ಜಾಸ್ತಿ ದಿನ ನಿಲ್ಲುತ್ತದೆ. ಇದನ್ನು ಡಬ್ಬಿ ಲೆಕ್ಕದಲ್ಲಿ ಮಾಡುವುದನ್ನು ಜನಪ್ರಿಯ ಮಾಡಿದವರು ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ.

ನಾವು ಮಾಡುವುದು ಹೀಗೆ. ಮನೆಗೆ ಬಂದ ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಬಸ್ ಪಾಸಿನ ಅಳತೆಗೆ ಕತ್ತರಿಸುತ್ತೇವೆ, ಆ ರಟ್ಟು ಗಟ್ಟಿಯಾಗಿರುತ್ತದೆ. ಒಂದು ಕಡೆ ಪುಸ್ತಕದ ವಾಕ್ಯ, ಪದದ ಜಾಗ ಖಾಲಿ. ಇನ್ನೊಂದು ಕಡೆ ಪದ ಮತ್ತು ಮನೆಮಾತು. ಮೂರು ಸಿಹಿ ಡಬ್ಬಿ. ಹೊಸ ಕಾರ್ಡೆಲ್ಲ ಮೊದಲ ಡಬ್ಬಿಗೆ, ಅದನ್ನು ದಿನಾ ತೆಗೆಯಬೇಕು. ಸರಿ ಹೇಳಿದರೆ ಎರಡನೇ ಡಬ್ಬಿಗೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ಹದಿನೈದು ದಿನಕ್ಕೊಮ್ಮೆ. ಎಲ್ಲಿ ತಪ್ಪಿದರೂ ವಾಪಸ್ ಮೊದಲ ಡಬ್ಬಿಗೆ. ದಿನಕ್ಕೆ ಹತ್ತು ನಿಮಿಷದ ಕೆಲಸ. ಫೋನಿನಲ್ಲೇ ಬೇಕು ಅನ್ನುವವರಿಗೆ ಆಂಕಿ ಅನ್ನುವ ಆಪ್ ಇದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ನನಗೆ ಮಾತ್ರ ಕೈಯಲ್ಲಿ ಬರೆದ ಕಾರ್ಡೇ ಇಷ್ಟ.

ಹಂತ 10: ಬಳಸಿ, ಆದರೆ ಜಾಗ ನೋಡಿ ಬಳಸಿ

ವಾರಕ್ಕೊಂದು ಸಲ, ಓದಿದ ಅಧ್ಯಾಯವನ್ನು ಯಾರಿಗಾದರೂ ಇಂಗ್ಲಿಷಿನಲ್ಲಿ ಹೇಳಿ. ತಂಗಿ, ತಮ್ಮ, ಗೆಳೆಯ ಯಾರಾದರೂ ಸರಿ. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಆ ವಾರದ ಐದು ಪದ ಅದರಲ್ಲಿ ಬರಲೇಬೇಕು ಅಂತ ನಿಯಮ ಮಾಡಿಕೊಳ್ಳಿ. ಇಲ್ಲದಿದ್ದರೆ ಓದಿದಾಗ ಗುರುತು ಸಿಗುವ ಪದ ಮಾತಾಡುವಾಗ ನಾಲಿಗೆಗೆ ಬರುವುದಿಲ್ಲ.

ಒಂದು ಎಚ್ಚರಿಕೆಯೂ ಇದೆ. ಈ ಪುಸ್ತಕಗಳಲ್ಲಿ ಹುಡುಗರು ಆಡುವ ಗನ್ನಾ, ಏಂಟ್, ಡೂಡ್ ತರಹದ ಮಾತುಗಳನ್ನು ಅರ್ಥ ಮಾಡಿಕೊಳ್ಳಿ. ಪರೀಕ್ಷೆಯಲ್ಲೋ ಕೆಲಸದ ಅರ್ಜಿಯಲ್ಲೋ ಬರೆಯಬೇಡಿ. ಯಾವ ಪದ ಯಾರ ಬಾಯಲ್ಲಿ ಬಂತು ಅಂತ ಗಮನಿಸಿದರೆ ಸಾಕು. ಟೀಚರ್ ಬಾಯಲ್ಲಿ ಬಂದದ್ದು ಎಲ್ಲಿ ಬೇಕಾದರೂ ನಡೆಯುತ್ತದೆ, ಬೀದಿ ಜಗಳದಲ್ಲಿ ಬಂದದ್ದು ನಡೆಯುವುದಿಲ್ಲ.

ಅಮೆರಿಕದ ಪುಸ್ತಕವಾದರೆ ಅಲ್ಲಿನ ಶಾಲೆಯ ಪದಗಳನ್ನು ಒಂದು ಸಲ ತಿಳಿದುಕೊಂಡುಬಿಡಿ. ಒಂಬತ್ತನೇ ಕ್ಲಾಸಿನವರು ಫ್ರೆಶ್‌ಮನ್, ಹತ್ತು ಸೋಫಮೋರ್, ಹನ್ನೊಂದು ಜೂನಿಯರ್, ಹನ್ನೆರಡು ಸೀನಿಯರ್. ನಮ್ಮಲ್ಲಿ ಕಾಲೇಜಿನಿಂದ 'ಪಾಸ್ ಔಟ್' ಆದೆ ಅನ್ನುತ್ತೇವಲ್ಲ, ಆ ಪುಸ್ತಕಗಳಲ್ಲಿ ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪಿ ಬೀಳುವುದು. ಅಲ್ಲಿ ಡಿಗ್ರಿ ಮುಗಿಸಿದವರು ಗ್ರ್ಯಾಜುಯೇಟ್ ಆಗುತ್ತಾರೆ.

ಹಂತ 11: ಮೊದಲ ಪುಸ್ತಕಕ್ಕೆ ವಾಪಸ್

ಆರು ತಿಂಗಳು ಕಳೆದ ಮೇಲೆ, ಮೂರು ನಾಲ್ಕು ಪುಸ್ತಕ ಮುಗಿಸಿದವರು ಮೊದಲ ಪುಸ್ತಕವನ್ನು ಮತ್ತೆ ತೆಗೆಯಿರಿ. ಈ ಸಲ ಕೈಯಲ್ಲಿ ಪೆನ್ಸಿಲ್ ಜೊತೆ ರಬ್ಬರೂ ಇರಲಿ. ಚುಕ್ಕಿ ಇರುವ ಪದ ಬಂದಾಗ ಓದು ನಿಲ್ಲದೆ ಅರ್ಥ ಹೊಳೆದರೆ ಆ ಚುಕ್ಕಿ ಅಳಿಸಿ. ಹೊಳೆಯದಿದ್ದರೆ ಹಾಗೇ ಬಿಡಿ. ಪುಸ್ತಕ ಮುಗಿದ ಮೇಲೆ ಉಳಿದ ಚುಕ್ಕಿಗಳನ್ನು ಎಣಿಸಿ ಕೊನೆಯ ಪುಟದ ಮೂಲೆಯಲ್ಲಿ ತಾರೀಖಿನ ಜೊತೆ ಬರೆದಿಡಿ. ಲೈಬ್ರರಿ ಪುಸ್ತಕವಾದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎಲ್ಲ ಚುಕ್ಕಿಯನ್ನೂ ಅಳಿಸಿ ಕೊಡಿ. ನನ್ನ ತಂಗಿಯ 'ಸ್ವಾಮಿ ಆಂಡ್ ಫ್ರೆಂಡ್ಸ್' ಪ್ರತಿಯಲ್ಲಿ ಮೊದಲ ಸಲ 312 ಚುಕ್ಕಿ ಇದ್ದವು. ಕಳೆದ ದಸರಾ ರಜೆಯಲ್ಲಿ ಕೂತು ಅಳಿಸಿದ ಮೇಲೆ 41 ಉಳಿದವು. ಆ 41ಕ್ಕೂ ಅವತ್ತು ಸಂಜೆಯೇ ಕಾರ್ಡ್ ಮಾಡಿ ಮೊದಲ ಡಬ್ಬಿಗೆ ಹಾಕಿದಳು.